ತೀರಿಹೋದ ಅತ್ತೆ ಕಾರು ಹತ್ತಿದ್ದು

ಕೇಳಿದ್ರಾ? ನಮ್ಮ ಬೀದಿ ಹೂವಾಡಗಿತ್ತಿಯನ್ನು ಬಿಟ್ಟುಹೋಗಿದ್ದ ಗಂಡ ಸಿದ್ದರಾಜು ನೆನ್ನೆ ಕಾರಲ್ಲಿ ಬಂದಿಳಿದ! ಒಳಗೆ ಕೂತಿದ್ದವಳು, ಡೈವೋರ್ಸ್ ಆದಮೇಲೆ ಅವನು ಕಟ್ಟಿಕೊಳ್ಳಬೇಕೆಂದಿರೋ ಸಿಂಗಾರಿ. ಕಾರೂ ಅವಳದೇ.

"ಮಗು ಅಪ್ಪನದು, ಅದೇ ಕಾನೂನು! ಪುಟ್ಟಿನ ಈಗಲೇ ಕಳಿಸು!" ಎಂದು ಬೀದಿಗೆಲ್ಲ ಕೇಳೋ ಹಾಗೆ ಗುಡುಗಿದ.

ಮಗು ಅವ್ವನ ಸೆರಗಿಗೆ ಜೋತುಬಿತ್ತು. ಹೂವಾಡಗಿತ್ತಿಯ ಬಾಯಿ ಮಾತ್ರ ಸೋಲಲಿಲ್ಲ.

"ಮಗು ಯಾರ ಹತ್ರ ಇರಬೇಕು ಅನ್ನೋದನ್ನ ಅದರ ಹಿತ ನೋಡಿ ಕೋರ್ಟು ಹೇಳ್ತದೆ. ಹೆತ್ತ ತಾಯಿನ ಮಗ ಸಾಕಬೇಕು ಅಂತಲೂ ಕಾನೂನು ಅದೆ. ಪುಟ್ಟಿ ಅಜ್ಜಿ ಬಿಟ್ಟು ಮಲಗಲ್ಲ. ಇಬ್ಬರನ್ನೂ ಕರ್ಕೊಂಡು ಹೋಗ್ತೀರಾ?" ಎಂದವಳೇ ಒಳಗೆ ಕೂಗಿದಳು. "ಅತ್ತೆ, ನಿಮ್ಮ ಮಗ ಕಾರು ತಂದವ್ರೆ!"

ಅತ್ತೆ ದೇವೀರಮ್ಮ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಕಾರಿನ ಬಾಗಿಲು ತೆಗೆದು ಹತ್ತೇಬಿಟ್ಟಳು. "ಒಸಿ ಸರ್ಕೊಳವ್ವ, ಇವನವ್ವ ನಾನು."

ಸಿಂಗಾರಿ ಕಿಟ್ಟನೆ ಕಿರುಚಿದಳು. "ನಿಮ್ಮಮ್ಮ ತೀರಿಕೊಂಡ್ರು ಅಂತ ನನ್ನ ಮುಂದೆ ಅತ್ತಿದ್ರಲ್ರೀ!"

ಸಿದ್ದರಾಜುವಿನ ಮುಖ ಸುಟ್ಟ ಬದನೆಕಾಯಿ ಆಯಿತು. "ಪುಟ್ಟಿ ನಿನ್ನ ಹತ್ರಾನೇ ಇರಲಿ ಮಾರಾಯ್ತಿ, ಜಡ್ಜ್ ಮುಂದೇನೂ ಹಂಗೇ ಹೇಳ್ತೀನಿ. ಅವ್ವನ್ನ ಮೊದಲು ಇಳಿಸು!"

ದೇವೀರಮ್ಮ ಇಳಿದಳು. ಇವನು ಹತ್ತೋ ಮೊದಲೇ ಸಿಂಗಾರಿ ಡ್ರೈವರ್ ಸೀಟಿಗೆ ಜರುಗಿ ಕಾರು ಬಿಟ್ಟುಕೊಂಡು ಹೋದಳು. ಅದರ ಹಿಂದೆ ಓಡುತ್ತಿದ್ದ ಮಗನನ್ನು ಮುದುಕಿ ಕೂಗಿ ಕೇಳಿದಳು:

"ಲೋ, ನನ್ನ ತಿಥಿಗೆ ಏನಡುಗೆ ಮಾಡಿಸಿದ್ಯೋ?"