ಕೆಳಗಿನ ಹಟ್ಟಿಗೆ ನಲ್ಲಿ ಗೆದ್ದ ಓಬಳೇಶ

ಕೆಳಗಿನ ಹಟ್ಟಿಯ ಪಾಲಮ್ಮನಿಗೆ ಒಬ್ಬನೇ ಮಗ, ಓಬಳೇಶ. ಇಪ್ಪತ್ತಾರು ವರ್ಷ, ಎತ್ತಿನಂಥ ಮೈ. ಬುದ್ಧಿ ಮಾತ್ರ ಇನ್ನೂ ತಾಯಿಯ ಹೊಟ್ಟೆಯಿಂದ ಹೊರಗೆ ಬಂದಿರಲಿಲ್ಲ. ಬಾಗಿಲು ನೋಡುತ್ತಿರು ಅಂದರೆ ಸಂಜೆ ತನಕ ಬಾಗಿಲನ್ನೇ ನೋಡುತ್ತ ಕೂರುವವನು. ನಾಯಿ ಅವನ ಕಾಲು ದಾಟಿ ಒಳಗೆ ಹೋಗಿ ಮುದ್ದೆ ತಿಂದು ಬಂದರೂ ಕಣ್ಣು ಬಾಗಿಲ ಮೇಲೇ.

'ಯಾಕೋ ನಿನ್ನ ಹೆತ್ತೆ!' ಎಂದು ಪಾಲಮ್ಮ ಹಣೆ ಚಚ್ಚಿಕೊಳ್ಳುವಳು.

'ನಂಗೇನು ಗೊತ್ತಮ್ಮಾ? ನಾನಾಗ ಇನ್ನೂ ಹುಟ್ಟಿರಲಿಲ್ಲ' ಅನ್ನುವನು.

ಹಟ್ಟಿಯಲ್ಲಿ ನೂರು ಮನೆ, ಒಂದೂ ನಲ್ಲಿ ಇಲ್ಲ. ನೀರಿಗೆ ಕೋಟೆ ಬೀದಿಗೇ ಹೋಗಬೇಕು. ಅಲ್ಲಿಯವರ ಬಿಂದಿಗೆ ತುಂಬಿ, ಅವರ ಎಮ್ಮೆ ಮಿಂದು, ಅವರ ಸ್ಕೂಟರೂ ಮಿಂದ ಮೇಲೆ ಹಟ್ಟಿಯವರ ಪಾಳಿ. ಮೂವತ್ತು ವರ್ಷ ಅರ್ಜಿ ಕೊಟ್ಟರು. ಪಂಚಾಯಿತಿ ಮೆಂಬರ್ ಗಂಗಾಧರಪ್ಪನ ಮನೆಯವರು ಅರ್ಜಿಯ ಕಾಗದದಲ್ಲಿ ಬೋಂಡದ ಎಣ್ಣೆ ಹಿಂಡಿಕೊಂಡರು. ಈ ಸಲ ಓಟು ಹತ್ತಿರ ಬಂತು. ಮೆಂಬರ್ ಸಮುದಾಯ ಭವನದಲ್ಲಿ ದೊಡ್ಡ ಟಿವಿ ಇಡಿಸಿ, ಯುವಕರ ಏಳಿಗೆಗೆ ಅಂತ ವಿಡಿಯೋ ಗೇಮ್ ತಂದ.

'ಒಂದು ಹೊಸ ನಲ್ಲಿ ಮಂಜೂರಾಗಿದೆ. ಹೊಡೆದಾಟದ ಆಟದಲ್ಲಿ ಯಾವ ಬೀದಿ ಗೆಲ್ಲುತ್ತೋ ಆ ಬೀದಿಗೆ!' ಎಂದು ಸಾರಿದ.

ಕುಡಿಯುವ ನೀರನ್ನು ಬಹುಮಾನ ಇಟ್ಟವನಿಗೆ ಜನ ಚಪ್ಪಾಳೆ ತಟ್ಟಿದರು. ತಟ್ಟುವ ಜನ ಯಾವ ಊರಲ್ಲಿಲ್ಲ?

ಕೋಟೆ ಬೀದಿಯ ಪರವಾಗಿ ಮೆಂಬರನ ಅಕ್ಕನ ಮಗ ಲಿಖಿತ ಕೂತ. ಎರಡು ತಿಂಗಳಿಂದ ಮನೆಯಲ್ಲಿ ಅದೇ ಆಟ ಆಡಿ ಬೆರಳು ಸವೆಸಿಕೊಂಡಿದ್ದವನು. ಹಟ್ಟಿಯ ಹುಡುಗರೆಲ್ಲ ಕಾಂಕ್ರೀಟ್ ಕೆಲಸಕ್ಕೆ ಊರೂರು ಹೋಗಿದ್ದರು. ಉಳಿದವನು ಓಬಳೇಶ.

'ನಮ್ಮ ನೀರು ಇವನ ಕೈಯಲ್ಲಾ!' ಎಂದು ಹಟ್ಟಿಯ ಹೆಂಗಸರು ಗೋಳಾಡಿದರು. 'ಆಯ್ತು ಬಿಡ್ರೇ, ನಾನು ಹಿಂದೆ ನಿಂತು ಹೇಳಿಕೊಡ್ತೀನಿ' ಅಂದಳು ಪಾಲಮ್ಮ.

ಐದು ಆಟ. ಮೂರು ಗೆದ್ದವರದು ನಲ್ಲಿ.

ಲಿಖಿತ ಆರಿಸಿಕೊಂಡದ್ದು ಆಟದೊಳಗಿನ ಒಬ್ಬ ಸಣಕಲನನ್ನು. ಅವನು ದೂರ ನಿಂತು ಅಂಗೈಯಿಂದ ಬೆಂಕಿಯುಂಡೆ ಎಸೆಯುತ್ತಾನೆ. ಓಬಳೇಶನಿಗೆ ಸಿಕ್ಕವನು ಗೂಳಿ ಎಂಬ ಡೊಳ್ಳುಹೊಟ್ಟೆಯ ಕುಸ್ತಿಯವನು. ದೂರಕ್ಕೆ ಒಂದು ಕಲ್ಲೂ ಎಸೆಯಲಾರ. ಕೈಗೆ ಸಿಕ್ಕಿದರೆ ಬಿಡುವವನೂ ಅಲ್ಲ. ಪಾಲಮ್ಮ ಟಿವಿಯನ್ನು ಒಂದು ಗಳಿಗೆ ನೋಡಿದಳು, ಅರ್ಥವಾಗಿ ಹೋಯಿತು. ಮೂವತ್ತು ವರ್ಷ ನಲ್ಲಿ ಸಾಲಿನಲ್ಲಿ ಮೊಣಕೈ ಆಡಿಸಿದವಳು ಅವಳು.

'ದೂರ ನಿಂತು ಸಾಯಬೇಡ್ವೋ! ಹತ್ತಿರ ಹೋಗು! ಮೈಗೆ ಮೈ ತಾಗಬೇಕು!'

ಓಬಳೇಶ ಕೈಲಿದ್ದ ಆಟದ ರಿಮೋಟು ಕೆಳಗಿಟ್ಟ. ಕುರ್ಚಿ ಎಳೆದುಕೊಂಡು ಹೋಗಿ ಲಿಖಿತನಿಗೆ ಅಂಟಿ ಕೂತ. ಸಾಲದು ಅನ್ನಿಸಿ ಅವನ ತೊಡೆಯ ಮೇಲೇ ಕೂತ.

'ಮಾಮಾ! ಇವನು ನನ್ನ ಮೇಲೆ ಕೂತವನೇ!' ಎಂದು ಲಿಖಿತ ಕಿರುಚಿದ. ಬೆರಳು ಮಾತ್ರ ನಿಲ್ಲಿಸಲಿಲ್ಲ. ಟಿವಿಯಲ್ಲಿ ಗೂಳಿ ನಿಂತಲ್ಲೇ ಸುಟ್ಟು ಕರಕಲಾದ.

'ಅಯ್ಯೋ ಮುಂಡೇದೇ! ನೀನಲ್ಲ, ಟಿವಿಯೊಳಗಿನ ಗೂಳಿ ಹೋಗಬೇಕು! ನೀನು ಕೂತಲ್ಲೇ ಕೂತು ಅವನನ್ನ ನಡೆಸು!'

'ಹಂಗಂತ ಮೊದಲೇ ಹೇಳಬಾರದಾ ಅಮ್ಮಾ?'

ಎರಡನೇ ಆಟ. ಗೂಳಿ ನಡೆದ. ಬೆಂಕಿ ತಿನ್ನುತ್ತಲೇ ನಡೆದ, ಸಣಕಲನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ಹೋಗಿ ನಿಂತ. ಸುಮ್ಮನೆ ನಿಂತ. ಸಣಕಲ ಬಾರಿಸಿದ, ಒದ್ದ, ಮತ್ತೆ ಬಾರಿಸಿದ. ಗೂಳಿ ಮದುವೆ ಮನೆಯ ಬೀಗನ ಹಾಗೆ ನಿಂತೇ ಇದ್ದು, ನಿಂತೇ ಸತ್ತ.

'ಯಾಕೋ ಹೊಡೀಲಿಲ್ಲ?'

'ನೀನು ಹೋಗು ಅಂದೆ, ಹೋದೆ. ಹೊಡಿ ಅಂದೆಯಾ?'

ಮೆಂಬರ್ ಹಲ್ಲು ಕಿರಿದ. 'ಏನು ಪಾಲಮ್ಮಾ, ಬಿಂದಿಗೆ ಮಾರಿಬಿಡ್ತೀಯಾ ಇನ್ನು?'

ಇನ್ನೊಂದು ಸೋತರೆ ಮತ್ತೆ ಸ್ಕೂಟರು ತೊಳೆಯುವ ತನಕ ಕಾಯುವುದೇ ಪಾಡು. ಪಾಲಮ್ಮ ಮಗನ ಕಿವಿ ಹಿಂಡಿ ಹೇಳಿದಳು:

'ಕೇಳೋ ಇಲ್ಲಿ. ನಲ್ಲಿ ಹತ್ರ ಯಾವಳಾದರೂ ಬಿಂದಿಗೆ ಅಡ್ಡ ಇಟ್ಟರೆ ನಾನೇನು ಬಿಂದಿಗೆಗೆ ಗುದ್ದಿ ಕೈ ಮುರ್ಕೋತೀನಾ? ಬಿಂದಿಗೆ ಸಮೇತ ಅವಳನ್ನೇ ಎತ್ತಿ ಆಚೆ ಇಡ್ತೀನಿ. ಅವನು ಎರಡೂ ಕೈ ಎತ್ತಿ ಮೈಗೆ ಅಡ್ಡ ಹಿಡೀತಾನಲ್ಲ, ಆವಾಗ ಹಿಡಿ! ಎತ್ತು! ಒಗೆ!'

'ಎದ್ದರೆ?'

'ಎದ್ದರೆ ಮತ್ತೆ ಹಿಡಿ, ಎತ್ತು, ಒಗೆ!'

'ಮತ್ತೆ ಎದ್ದರೆ?'

'ನಾನು ಸಾಯೋ ತನಕ ಅದೇ ಮಾಡೋ!'

ಮೂರನೇ ಆಟ. ಹತ್ತಿರ ಹೋದ, ಹಿಡಿದ, ಎತ್ತಿದ, ಒಗೆದ. ಸಣಕಲ ಎದ್ದು ಕೈ ಅಡ್ಡ ಹಿಡಿದ. ಗೂಳಿ ಮತ್ತೆ ಹಿಡಿದ, ಎತ್ತಿದ, ಒಗೆದ. ಇವನು ಈಗ ಬೇರೆ ಏನೋ ಪಟ್ಟು ಹಾಕುತ್ತಾನೆ ಎಂದು ಲಿಖಿತ ಬುದ್ಧಿವಂತಿಕೆಯಿಂದ ಕಾದ. ಓಬಳೇಶನಿಗೆ ಬೇರೆ ಏನೂ ಗೊತ್ತಿರಲಿಲ್ಲ. ಹಿಡಿದ, ಎತ್ತಿದ, ಒಗೆದ. ನಾಲ್ಕನೇ ಆಟವೂ ಹಾಗೇ. ಐದನೆಯದರಲ್ಲಿ ಲಿಖಿತನಿಗೆ ಅಳು ಬಂತು.

'ಮಾಮಾ, ಇವನು ಒಂದೇ ಮಾಡ್ತಾನೆ!'

'ಒಂದೇ ಸಾಕಲ್ಲಪ್ಪಾ!' ಎಂದು ಹಟ್ಟಿಯ ಹೆಂಗಸರು ಕೂಗಿದರು. ಸಣಕಲ ಮಲಗಿದ, ಏಳಲಿಲ್ಲ. ನಲ್ಲಿ ಹಟ್ಟಿಯದಾಯಿತು.

ಊರೆಲ್ಲ ನೋಡಿತ್ತು, ಮೆಂಬರ್ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಹಟ್ಟಿಯ ಬಾಯಲ್ಲೇ ನಲ್ಲಿ ಕೂತಿತು. ನಲ್ಲಿಗೆ ಟೇಪು ಕಟ್ಟಿದರು, ಹನ್ನೊಂದಕ್ಕೆ ಉದ್ಘಾಟನೆ. ಪಾಲಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ಕೋಟೆ ಬೀದಿಯವರು ಬಂದು ಕಿತ್ತುಕೊಂಡು ಹೋದರೆ?

'ಇಲ್ಲೇ ನಿಲ್ಲೋ' ಅಂದಳು ಮಗನಿಗೆ. 'ನಾನು ಮನೆಗೆ ಹೋಗಿ ಬಿಂದಿಗೆ ತರ್ತೀನಿ. ನಿನ್ನೆ ಹೇಳಿಕೊಟ್ಟಿದ್ದೇ ಮಾಡು. ಈ ನಲ್ಲಿ ಹತ್ತಿರ ಇರೋವನನ್ನ ಹಿಡಿ, ಎತ್ತು, ಒಗೆ!'

'ಯಾರೇ ಆಗ್ಲಾ?'

'ಯಾರೇ ಆಗಲಿ ಕಣೋ!'

ಅವಳು ಅತ್ತ ಹೋದಳು, ಮೆಂಬರ್ ಇತ್ತ ಬಂದ. ಬಿಳಿ ಪಂಚೆ, ಬಿಳಿ ಅಂಗಿ, ಕತ್ತರಿ ಹಿಡಿದವನೊಬ್ಬ, ಫೋಟೋದವನೊಬ್ಬ. ನಲ್ಲಿಯ ಪಕ್ಕ ನಿಂತು, ಫೋಟೋಗೆ ಅಂತ ನಗುತ್ತ ಎರಡೂ ಕೈ ಎತ್ತಿ ಎದೆಯ ಮುಂದೆ ಜೋಡಿಸಿದ.

'ಅಡ್ಡ ಹಿಡಿದ!' ಅಂದ ಓಬಳೇಶ. ಹಿಡಿದ, ಎತ್ತಿದ, ಚರಂಡಿಗೆ ಒಗೆದ.

ಆ ಚರಂಡಿಗೆ ಎರಡು ಸಲ ಕಲ್ಲು ಕಟ್ಟಿಸಿದೆನೆಂದು ಮೆಂಬರ್ ಬೋರ್ಡು ಹಾಕಿಸಿದ್ದ. ಒಂದು ಸಲವೂ ಕಟ್ಟಿಸಿರಲಿಲ್ಲ. ಅದಕ್ಕೇ ಮೂಳೆ ಮುರಿಯದೆ ರಾಡಿಯಲ್ಲಿ ಮೆತ್ತಗೆ ಬಿದ್ದ.

ಬಿಂದಿಗೆ ಹೊತ್ತು ಬರುತ್ತಿದ್ದ ಪಾಲಮ್ಮ ಇದನ್ನು ಕಂಡಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಹೊಟ್ಟೆ ತುಂಬಿತು. 'ನನ್ನ ಬಂಗಾರಾ! ನನ್ನ ಮುತ್ತೇ!' ಎಂದು ಓಡಿ ಬಂದಳು. ಬಂದವಳು ನಲ್ಲಿಯ ಪಕ್ಕಕ್ಕೇ ಬಂದಳು.

'ಅಮ್ಮಾ, ಯಾಕಮ್ಮಾ ಹತ್ತಿರ ಬಂದೆ!' ಎಂದು ಓಬಳೇಶ ಗೊಳೋ ಅಂತ ಅತ್ತ. ಅಳುತ್ತಲೇ ಹಿಡಿದ, ಬಿಂದಿಗೆ ಸಮೇತ ಎತ್ತಿದ, ಮೆಂಬರನ ಪಕ್ಕಕ್ಕೆ ಒಗೆದ.

'ಥೂ ನಿನ್ನ! ಹೆತ್ತವಳನ್ನ ಒಗೀತಾರೇನೋ?' ಪಾಲಮ್ಮ ಬಾಯಿಂದ ರಾಡಿ ಉಗಿಯುತ್ತ ಎದ್ದಳು.

'ಯಾರೇ ಆಗಲಿ ಅಂದೆಯಲ್ಲಮ್ಮಾ?'

ಹಟ್ಟಿಯ ಹೆಂಗಸರು ಬಿಂದಿಗೆ ಹಿಡಿದು ಹತ್ತು ಮಾರು ಆಚೆಯೇ ನಿಂತುಬಿಟ್ಟರು. ಒಬ್ಬಳೂ ಹೆಜ್ಜೆ ಮುಂದಿಡಲಿಲ್ಲ. ಓಬಳೇಶ ಆ ಕಡೆ ನೋಡಿದ, ಈ ಕಡೆ ನೋಡಿದ. ನಲ್ಲಿ ನೋಡಿದ. ಆಮೇಲೆ ತನ್ನ ಕಾಲು ನೋಡಿಕೊಂಡ.

'ಅಯ್ಯಯ್ಯೋ! ಇನ್ನೂ ಒಬ್ಬ ಹತ್ತಿರಾನೇ ನಿಂತವನೇ!'

ಎರಡೂ ಕೈಯಲ್ಲಿ ತನ್ನ ಸೊಂಟ ತಾನೇ ಹಿಡಿದ. ಎತ್ತಿದ. ಎತ್ತಲು ಆಗಲಿಲ್ಲ, ಹಾರಿದ. ಅಮ್ಮನಿಗೂ ಮೆಂಬರನಿಗೂ ನಡುವೆ ದಪ್ಪನೆ ಬಿದ್ದ.

ನಲ್ಲಿಯ ಹತ್ತಿರ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಹಟ್ಟಿಯ ಹೆಂಗಸರು ಯಾರ ಕತ್ತರಿಗೂ ಕಾಯದೆ ಟೇಪು ಹರಿದು, ನಲ್ಲಿ ತಿರುಗಿಸಿ, ಮೊದಲ ಬಿಂದಿಗೆ ಇಟ್ಟರು.

'ಅಮ್ಮಾ,' ಅಂದ ಓಬಳೇಶ, ಕಿವಿಯಿಂದ ರಾಡಿ ತೆಗೆಯುತ್ತ, 'ಎಲ್ಲರನ್ನೂ ಒಗೆದಾಯ್ತು. ಈಗ ಎದ್ದರೆ ಮತ್ತೆ ಒಗೀಬೇಕಾ?'

ಮೆಂಬರ್ ಏಳುತ್ತಿದ್ದವನು ಪಟ್ಟನೆ ಕೂತ.