ಅತ್ತಿ ಮರದ ಕಾವಲು

ಮಕ್ಕಳೇ, ಕಾಡಂಚಿನ ಒಂದು ಕೆರೆಯ ದಡದಲ್ಲಿ ದೊಡ್ಡ ಅತ್ತಿ ಮರವಿತ್ತು. ಮರದ ಮೇಲೆ ಮುಸುವಗಳು ವಾಸವಾಗಿದ್ದವು. ಮುಸುವ ಎಂದರೆ ಕಪ್ಪು ಮುಖದ, ಉದ್ದ ಬಾಲದ ಕೋತಿ. ಮರದ ಕೆಳಗೆ ಜಿಂಕೆಗಳು ಮೇಯುತ್ತಿದ್ದವು. ಮುಸುವಗಳಿಗೆ ಕರಿಯಣ್ಣ ಹಿರಿಯ, ಜಿಂಕೆಗಳಿಗೆ ಹುಲ್ಲಮ್ಮ ಹಿರಿಯಳು.

ಈ ಎರಡು ಮನೆತನಗಳ ನಡುವೆ ಹಿಂದಿನಿಂದ ಬಂದ ಒಂದು ರೂಢಿಯಿತ್ತು. ಮುಸುವಗಳು ಪಾಳಿಯಂತೆ ಮರದ ತುದಿಯಲ್ಲಿ ಕೂತು ದೂರಕ್ಕೆ ನೋಡಬೇಕು, ಚಿರತೆ ಕಂಡರೆ ಕೂಗಬೇಕು. ಜಿಂಕೆಗಳು ಕೆಳಗಿನ ಪೊದೆಗಳ ವಾಸನೆ ಹಿಡಿಯಬೇಕು, ಸುಳಿವು ಸಿಕ್ಕರೆ ಅವೂ ಕೂಗಬೇಕು. ಮೇಲಿನವರು ಅರ್ಧ ತಿಂದು ಬಿಸಾಡಿದ ಹಣ್ಣು ಕೆಳಗಿನವರಿಗೆ. ಚಿರತೆ ಹಲವು ಸಲ ಬಂದು, ಬರಿಹೊಟ್ಟೆಯಲ್ಲಿ ಹಿಂತಿರುಗಿ, ಕೊನೆಗೆ ಆ ಕಡೆ ತಲೆ ಹಾಕುವುದನ್ನೇ ಬಿಟ್ಟಿತ್ತು.

ಅಷ್ಟರಲ್ಲಿ ಕಾಡಂಚಿಗೆ ಟಾರು ರಸ್ತೆ ಬಂತು. ಕಾರುಗಳು ನಿಂತವು, ಜನ ಇಳಿದು ಬಾಳೆಹಣ್ಣು, ಬಿಸ್ಕತ್ತು ಎಸೆದರು. ಬಿಸ್ಕತ್ತಿನ ರುಚಿ ಹತ್ತಿದ ಮೇಲೆ ಅತ್ತಿಹಣ್ಣು ಯಾರಿಗೆ ಬೇಕು? ಬೆಳಗಾದರೆ ಮುಸುವಗಳು ರಸ್ತೆಗೆ ಹೊರಟವು. ಮೊದಮೊದಲು ಒಬ್ಬನನ್ನು ಕಾವಲಿಗೆ ಬಿಟ್ಟು ಹೋಗುತ್ತಿದ್ದವು. ತನ್ನ ಪಾಲಿನ ಬಿಸ್ಕತ್ತು ತನಗೆ ತಲುಪುತ್ತಿಲ್ಲ ಎಂದು ಅವನು ಗೊಣಗಿದ. ಅದು ಸುಳ್ಳೂ ಅಲ್ಲ. ಆಮೇಲೆ ಅವನೂ ರಸ್ತೆಗೇ ಬಂದ.

ಹುಲ್ಲಮ್ಮನಿಗೆ ಆಗ ಎಳೆಯ ಮರಿಯಿತ್ತು. ಅವಳು ರಸ್ತೆಯವರೆಗೆ ನಡೆದು ಬಂದಳು.

"ಕರಿಯಣ್ಣ, ನನ್ನ ಮರಿಗೆ ಇನ್ನೂ ಸರಿಯಾಗಿ ಓಡಲು ಬರುವುದಿಲ್ಲ. ಮರದ ಮೇಲೆ ಒಬ್ಬರಾದರೂ ಇರಲಿ" ಎಂದಳು.

ಕರಿಯಣ್ಣ ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಕೇಳಿದ, "ಚಿರತೆ ಕೊನೆಯ ಸಲ ಬಂದದ್ದು ಯಾವಾಗ, ನೆನಪಿದೆಯಾ?"

ಹುಲ್ಲಮ್ಮನಿಗೆ ನೆನಪಿರಲಿಲ್ಲ.

"ಬಾರದ ಚಿರತೆಗೆ ಕಾವಲೇಕೆ? ಕಾಲ ಬದಲಾಗಿದೆ ಅಕ್ಕ, ನೀವೂ ಸ್ವಲ್ಪ ಬದಲಾಗಿ" ಎಂದ ಕರಿಯಣ್ಣ.

ಹುಲ್ಲಮ್ಮ ಮರದಡಿಗೆ ಮರಳಿದಳು. ತನ್ನವರನ್ನೆಲ್ಲ ಕರೆದುಕೊಂಡು ಕೆರೆಯ ಆಚೆ ದಡದ ಬಯಲಿಗೆ ಹೋದಳು. ಅಲ್ಲಿ ನೆರಳಿಲ್ಲ, ಹಣ್ಣಿಲ್ಲ, ಆದರೆ ಚಿರತೆ ಬಂದರೆ ದೂರದಿಂದಲೇ ಕಾಣುತ್ತಿತ್ತು. ಜಿಂಕೆಗಳು ಹೋದದ್ದು ಮುಸುವಗಳಿಗೆ ಗೊತ್ತೇ ಆಗಲಿಲ್ಲ.

ಮಳೆಗಾಲ ಬಂತು. ಅರಣ್ಯ ಇಲಾಖೆಯವರು ರಸ್ತೆಗೆ ಗೇಟು ಹಾಕಿದರು, ಕಾರುಗಳು ಬರುವುದು ನಿಂತುಹೋಯಿತು. ಬೇರೆ ದಾರಿಯಿಲ್ಲದೆ ಮುಸುವಗಳು ಅತ್ತಿ ಮರಕ್ಕೆ ಮರಳಿದವು. ಮರದ ಕೆಳಗೆ ಹುಲ್ಲು ಎತ್ತರಕ್ಕೆ ಬೆಳೆದಿತ್ತು. ಎಲ್ಲರೂ ನೋಡಿದರು, ಹೀಗೇಕೆ ಬೆಳೆದಿದೆ ಎಂದು ಯಾರೂ ಕೇಳಲಿಲ್ಲ. ಕಾವಲಿಗೆ ಯಾರು ಎಂಬ ಮಾತು ಬಂದಾಗ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಕೆಳಗೆ ಜಿಂಕೆಗಳಿದ್ದೇ ಇವೆ, ಏನಾದರೂ ಬಂದರೆ ಅವು ಕೂಗುತ್ತವೆ ಎಂದು ಕರಿಯಣ್ಣ ಎಲ್ಲರಿಗೂ ಸಮಾಧಾನ ಹೇಳಿದ.

ಅವನ ಕಿರಿಯ ಮಗ ಉದುರಿದ ಹಣ್ಣು ಆಯಲು ಕೆಳಗಿಳಿದ. ರಸ್ತೆಯಲ್ಲಿ ಬೆಳೆದ ಮಗುವಿಗೆ ನೆಲದ ಭಯವೇ ಇರಲಿಲ್ಲ. ಆ ಹುಲ್ಲಿನಲ್ಲಿ ಚಿರತೆ ಅಡಗಿ ಕೂತಿತ್ತು. ಮೇಲಿನಿಂದ ಯಾರೂ ಕೂಗಲಿಲ್ಲ, ಕೆಳಗಿನಿಂದಲೂ ಯಾರೂ ಕೂಗಲಿಲ್ಲ. ಹುಲ್ಲು ಒಮ್ಮೆ ಅಲುಗಿತು. ಮಗು ಇರಲಿಲ್ಲ.

ಕರಿಯಣ್ಣ ಅಳುತ್ತ, ಬೈಯುತ್ತ ಹುಲ್ಲಮ್ಮನನ್ನು ಹುಡುಕಿಕೊಂಡು ಹೊರಟ. ಕೆರೆ ಸುತ್ತಿ ಬಂದಾಗ ಆಚೆ ದಡದಲ್ಲಿ ಅವಳು ಕಂಡಳು. ಅವಳ ಮರಿ ಬಯಲಿನಲ್ಲಿ ಓಡಾಡಿಕೊಂಡಿತ್ತು.

"ಚಿರತೆ ನನ್ನ ಮಗನನ್ನು ಹೊತ್ತೊಯ್ದಿತು. ನೀನೇಕೆ ಕೂಗಲಿಲ್ಲ?" ಎಂದು ಕೇಳಿದ.

ಅದನ್ನು ಕೇಳಿ ಹುಲ್ಲಮ್ಮನಿಗೆ ಸಂಕಟವಾಯಿತು. ಅವಳು ಹೇಳಿದಳು, "ಕರಿಯಣ್ಣ, ನಾವು ಆ ಜಾಗ ಬಿಟ್ಟು ಬಹಳ ದಿನವಾಯಿತು. ನಿನಗೆ ಗೊತ್ತಿರಲಿಲ್ಲವಾ?"

ಕರಿಯಣ್ಣ ಮರಕ್ಕೆ ಹಿಂತಿರುಗಿದ. ಅಂದಿನಿಂದ ಮರದ ತುದಿಯಲ್ಲಿ ಅವನೇ ಕೂರುತ್ತಾನೆ. ಹುಲ್ಲು ಮಾತ್ರ ಈಗಲೂ ಹಾಗೇ ಬೆಳೆದು ನಿಂತಿದೆ.

ನೀತಿ: ಕಾವಲು ಚೆನ್ನಾಗಿ ನಡೆದಾಗ ಅದು ಬೇಡವೆನಿಸುತ್ತದೆ, ತನ್ನ ಪಾಳಿ ಬಿಟ್ಟವನು ನೆರೆಯವರ ಕಾವಲನ್ನು ನಂಬಿ ಕೂರಬಾರದು.