ಇಲ್ಲದವರ ಕುರ್ಚಿ

"ಅಜ್ಜಾರ, ಇದ್ದದ್ದನ್ನ ಇದ್ದಂಗ ಹೇಳಿದರ ಅದರಾಗ ತಪ್ಪೇನೈತ್ರಿ?" ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಮಠದ ಉಗ್ರಾಣದಿಂದ ಒಂದು ಕಂಬಳಿ ಕಾಣೆಯಾಗಿತ್ತು. ಅದನ್ನು ಜೊತೆಯ ಶಿಷ್ಯ ಗದಿಗೆಪ್ಪ ತೆಗೆದುಕೊಂಡು ಹೋದದ್ದನ್ನು ಈತ ಕಣ್ಣಾರೆ ಕಂಡಿದ್ದ. ಮುಂಜಾನೆಯ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಎದುರು ಹಾಗೆಂದು ಹೇಳಿದ್ದ. ಮಾತು ನಿಜವೇ ಆಗಿತ್ತು. ಅಂದಿನಿಂದ ಗದಿಗೆಪ್ಪ ಪಂಕ್ತಿಯ ಊಟಕ್ಕೆ ಬರುವುದನ್ನು ಬಿಟ್ಟು, ಹೊಂಡದ ಕಟ್ಟೆಯ ಮೇಲೆ ಒಬ್ಬನೇ ಕೂರುತ್ತಿದ್ದ. ಅತ್ತ ಕಣ್ಣು ಹೋದಾಗಲೆಲ್ಲ ಶಿಷ್ಯನಿಗೆ ಒಳಗೊಳಗೇ ಏನೋ ಚುಚ್ಚುತ್ತಿತ್ತು.

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಿನ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಯುವ ಹುಡುಗ ಹುಡುಗಿಯರ ಬಳಗವೊಂದಿತ್ತು. ಓದಿನಲ್ಲಿ ಮುಂದಿದ್ದು, ಬರವಣಿಗೆಯೂ ಕೈಗೆ ಹತ್ತಿದವರಿಗೆ ಮಾತ್ರ ಅದರಲ್ಲಿ ಜಾಗ. ಅವರು ಗೋಡೆ ಪತ್ರಿಕೆ ನಡೆಸುತ್ತಿದ್ದರು. ಸುತ್ತಲಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಸುದ್ದಿ ಬರೆಯುವುದನ್ನು ಹೇಳಿಕೊಡುತ್ತಿದ್ದರು. ವರ್ಷಕ್ಕೊಮ್ಮೆ ಹಿರಿಯ ಸಂಪಾದಕರೊಬ್ಬರನ್ನು ಕರೆಸಿ, ಹೊಸದಾಗಿ ಸೇರುವವರ ಎದೆಗೆ ಅವರ ಕೈಯಿಂದ ನೀಲಿ ಪದಕ ಹಾಕಿಸುತ್ತಿದ್ದರು. ಪದಕ ಬಿದ್ದವರ ನಡಿಗೆಯೇ ಬೇರೆ. ಅವರಿಗೂ ನೆಲಕ್ಕೂ ನಾಲ್ಕು ಬೆರಳು ಅಂತರ.

ಬಳಗಕ್ಕೆ ಒಂದು ಪದ್ಧತಿಯಿತ್ತು. ಸೇರುವವರು ಒಂದು ವರದಿ ಬರೆಯಬೇಕು. ಆಮೇಲೆ, ಯಾರ ಬಗ್ಗೆ ಬರೆದಿದ್ದಾರೋ ಅವರ ಹೆಸರಿನಲ್ಲಿ ಇಟ್ಟ ಕುರ್ಚಿಯಲ್ಲಿ ತಾವೇ ಕೂರಬೇಕು. ಉಳಿದವರು ವರದಿಯನ್ನು ಗಟ್ಟಿಯಾಗಿ ಓದುತ್ತಾರೆ. ಕೂತವರು ಆ ಮನುಷ್ಯನೇ ತಾವೆಂದುಕೊಂಡು ಕೇಳಬೇಕು. ಕೇಳಿ 'ಹೌದು' ಎಂದರೆ ವರದಿ ಗೋಡೆಗೆ ಹೋಗುತ್ತದೆ, ಪದಕ ಎದೆಗೆ ಬರುತ್ತದೆ. ಬಳಗ ಕಟ್ಟಿದವರು ಯೋಚಿಸಿಯೇ ಮಾಡಿದ ಪದ್ಧತಿ ಅದು. ಬರಬರುತ್ತ ಕುರ್ಚಿಗೆ ಹೂವಿನ ಸರ ಬಂತು, ಜರಿಯ ಬಟ್ಟೆ ಬಂತು. ಕೂತವರಿಗೆ ಕಿವಿ ಹೋಯಿತು. ಎಲ್ಲರೂ ಫೋಟೊಕ್ಕೆ ನಗುತ್ತ ಹೌದೆಂದು ಎದ್ದು ಬರುತ್ತಿದ್ದರು.

ಆ ಕಾಲೇಜಿಗೆ ದೂರದಿಂದ ಒಬ್ಬ ವಿದ್ಯಾರ್ಥಿನಿ ಬಂದಳು. ಅವಳಿಗೆ ಅಲ್ಲಿ ತನ್ನವರು ಅನ್ನುವವರು ಯಾರೂ ಇರಲಿಲ್ಲ. ಕ್ಯಾಂಟೀನಿನಲ್ಲಿ ಕಂಬದ ಪಕ್ಕದ ಮೇಜು ಅವಳದು. ಚಹಾ ಮುಗಿದ ಮೇಲೂ ಲೋಟ ಹಿಡಿದೇ ಕೂರುತ್ತಿದ್ದಳು. ಬರಿಗೈಯಲ್ಲಿ ಕೂತರೆ ಒಂಟಿತನ ನಾಲ್ಕು ಜನಕ್ಕೆ ಕಾಣುತ್ತದೆಂದು ಅವಳ ಅಂಜಿಕೆ. ಬಳಗದವರ ಉದ್ದನೆಯ ಮೇಜಿನ ನಗು ಅಲ್ಲಿಗೆ ಕೇಳುತ್ತಿತ್ತು. ಅವಳಿಗೆ ಪದಕದ ಆಸೆ ಅಷ್ಟಿರಲಿಲ್ಲ. ಆ ಮೇಜಿನಲ್ಲಿ ಒಂದು ಮೊಳ ಜಾಗ ಸಿಕ್ಕರೆ ಸಾಕಿತ್ತು.

ಆ ವರ್ಷ ಬಳಗದ ಕ್ಯಾಮೆರಾ ಕಳುವಾಯಿತು. ಅದು ಹಾಸ್ಟೆಲಿನ ಒಬ್ಬ ಹುಡುಗನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅವನು ಯಾರೊಂದಿಗೂ ಮಾತಾಡದೆ ಗಂಟು ಕಟ್ಟಿಕೊಂಡು ಊರಿಗೆ ಹೋದ. ವಿದ್ಯಾರ್ಥಿನಿ ಅವನನ್ನು ನೋಡಿದ್ದಳು. ಕಿಟಕಿಯ ಪಕ್ಕದ ಮೇಜಿನಲ್ಲಿ ಅವನೂ ಒಬ್ಬನೇ ಕೂರುತ್ತಿದ್ದ. ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

ಬಳಗ ಸೇರಲು ಅವಳು ಆ ಕಳವಿನ ವರದಿಯನ್ನೇ ಬರೆದಳು. ವಾರ್ಡನ್ನರನ್ನು ಕೇಳಿದಳು, ಕೋಣೆಯ ಜೊತೆಗಾರರನ್ನು ಕೇಳಿದಳು, ಪ್ರಾಂಶುಪಾಲರನ್ನು ಕೇಳಿದಳು. ಒಂದಕ್ಷರ ಸುಳ್ಳಿರಲಿಲ್ಲ. ಓದಿದವರು ಭೇಷ್ ಎಂದರು. ಅಂದು ಮಧ್ಯಾಹ್ನ ಉದ್ದನೆಯ ಮೇಜಿನಿಂದ ಒಬ್ಬಳು ಕೈಬೀಸಿ ಕರೆದಳು, ಸರಿದು ಜಾಗ ಮಾಡಿದಳು, ಮಿರ್ಚಿ ಭಜಿಯ ತಟ್ಟೆಯನ್ನು ಅವಳ ಕಡೆ ತಳ್ಳಿದಳು. ಎಷ್ಟೋ ತಿಂಗಳ ಮೇಲೆ ವಿದ್ಯಾರ್ಥಿನಿ ಅಂದು ಹೊಟ್ಟೆ ತುಂಬ ತಿಂದಳು.

ಪದಕದ ದಿನ ಬಂತು. ಅವಳು ಕುರ್ಚಿಯಲ್ಲಿ ಕೂತಳು. ಬಳಗದವರು ಸುತ್ತ ನಿಂತು, ಒಬ್ಬೊಬ್ಬರು ಒಂದೊಂದು ಭಾಗ ಓದಿದರು. ಮೊದಮೊದಲು ತನ್ನ ಬರವಣಿಗೆ ಕೇಳಿ ಅವಳು ಹಿಗ್ಗಿದಳು. ಆಮೇಲೆ ಹಿಗ್ಗು ಇಳಿಯುತ್ತ ಬಂತು. ವಾರ್ಡನ್ನರು ಹೀಗೆಂದರು, ಜೊತೆಗಾರರು ಹಾಗೆಂದರು, ಪ್ರಾಂಶುಪಾಲರು ಮತ್ತೇನೋ ಅಂದರು. ಊರೆಲ್ಲ ಮಾತಾಡಿತು, ಕುರ್ಚಿ ಯಾರ ಹೆಸರಿನಲ್ಲಿತ್ತೋ ಅವನೊಬ್ಬ ಮಾತಾಡಲಿಲ್ಲ. ಓದುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಓದಿದರು. ಅವಳ ಕಡೆ ಯಾರೂ ನೋಡಲಿಲ್ಲ. ಅವಳಿಗೆ ಕಿಟಕಿಯ ಪಕ್ಕದ ಮೇಜು ನೆನಪಾಯಿತು. ತನಗೆ ಜಾಗ ಬೇಕೆಂದು ಅವನನ್ನು ತನಗಿಂತಲೂ ಒಂಟಿ ಮಾಡಿದೆ ಅನ್ನಿಸಿತು.

"ಹೌದು ಅಂದುಬಿಡು, ಅತಿಥಿಗಳು ಕಾಯಾಕತ್ತಾರ," ಎಂದು ಬಳಗದ ಅಧ್ಯಕ್ಷೆ ಮೆಲ್ಲಗೆ ಹೇಳಿದಳು.

"ಹೆಂಗ ಅನ್ನಲಿ? ನನ್ನ ಯಾರೂ ಕೇಳೇ ಇಲ್ಲ," ಎಂದಳು ವಿದ್ಯಾರ್ಥಿನಿ.

ಅವಳು ಆ ಹುಡುಗನಾಗಿ ಆಡಿದ ಮಾತು ಅದು. ಪದ್ಧತಿ ಬಯಸಿದ್ದೂ ಅಂಥದ್ದನ್ನೇ. ಆದರೆ ಆ ಕುರ್ಚಿ ಬಾಯಿಬಿಟ್ಟು ಬಹಳ ವರ್ಷಗಳಾಗಿದ್ದವು. ಸಭೆಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಅತಿಥಿಗಳು ಗಡಿಯಾರ ನೋಡಿಕೊಂಡರು. ಅವಳ ಪದಕ ಪೆಟ್ಟಿಗೆಗೆ ಮರಳಿತು. ಮರುದಿನ ಉದ್ದನೆಯ ಮೇಜಿನಲ್ಲಿ ಅವಳಿಗಾಗಿ ಯಾರೂ ಸರಿದು ಕೂರಲಿಲ್ಲ.

ರಜೆ ಸಿಕ್ಕಾಗ ಅವಳು ಬಸ್ಸು ಹತ್ತಿ ಹುಡುಗನ ಊರಿಗೆ ಹೋದಳು. ಅವನು ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ತಾನು ಯಾರು, ಏನು ಬರೆದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಕ್ಯಾಮೆರಾ ಯಾಕೆ ತೆಗೆದುಕೊಂಡೆ ಎಂದು ಕೇಳಿದಳು. ಅವನು ಗಿರಣಿ ನಿಲ್ಲಿಸಿದ.

"ತಗೊಂಡಾವ ನಾನ ರೀ," ಎಂದ. "ಯಾಕ ಅಂತ ಕೇಳಿದವರು ನೀವೊಬ್ಬರ."

ಸಂಜೆಯ ಬಸ್ಸು ಬರುವವರೆಗೂ ಅವನು ಹೇಳಿದ, ಅವಳು ಕೇಳಿದಳು. ಬೀಸಿಸಲು ಬಂದವರು ಬುಟ್ಟಿ ಇಟ್ಟುಕೊಂಡು ಹೊರಗೆ ಕಾದರು.

ಅವಳು ವರದಿಯನ್ನು ಹೊಸದಾಗಿ ಬರೆದಳು. ಬಳಗ ಅದನ್ನು ತೆಗೆದುಕೊಳ್ಳಲಿಲ್ಲ. ಗೋಡೆಯ ತುಂಬ ಆಗಲೇ ಕ್ರೀಡಾಕೂಟದ ಸುದ್ದಿಯಿತ್ತು. ಓದುವವನು ಒಬ್ಬನಾದರೂ ಇರಲಿ ಎಂದು ಅದನ್ನು ಗಿರಣಿಯ ವಿಳಾಸಕ್ಕೆ ಕಳಿಸಿದಳು. ಕಾಲೇಜಿನ ಓದು ಮುಗಿಯುವವರೆಗೂ ಕಂಬದ ಪಕ್ಕದ ಮೇಜಿನಲ್ಲೇ ಚಹಾ ಕುಡಿದಳು. ಒಂಟಿತನ ಹೋಯಿತು ಎಂದರೆ ಸುಳ್ಳಾಗುತ್ತದೆ. ಚಹಾ ಮುಗಿದ ಮೇಲೆ ಲೋಟವನ್ನು ಕೆಳಗಿಡುವುದನ್ನು ಮಾತ್ರ ಕಲಿತಳು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯ ಕಾದ. ಮುಖ್ಯವಾದ ಸಂಗತಿಯನ್ನೇ ಗುರುಗಳು ಮರೆತರೆಂದು ಅವನಿಗೆ ಅನ್ನಿಸಿತು.

"ಆ ಹುಡುಗ ಕ್ಯಾಮೆರಾ ಯಾಕ ತಗೊಂಡಿದ್ದಂತ್ರಿ, ಅಜ್ಜಾರ?"

ಗುರುಗಳು ಹೊಂಡದ ಕಡೆ ನೋಡಿದರು.

"ಗದಿಗೆಪ್ಪ ಕಟ್ಟಿ ಮ್ಯಾಲೆ ಕುಂತಾನ, ಮೊದಲ ಅವನ್ನ ಕೇಳಿ ಬಾ."